ಲಿನಕ್ಸ್ ಬಳಕೆ: ಸ್ಥಿರ ಶಾಖೆಯೋ, ಪರೀಕ್ಷಾ ಶಾಖೆಯೋ?

ಗಣಕಕ್ಕೆ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಿಕೊಳ್ಳುವವರ ಮುಂದೆ ಒಂದು ಪ್ರಶ್ನೆ ಇದ್ದೇ ಇರುತ್ತದೆ. ಸಾಕಷ್ಟು ಪರೀಕ್ಷಿಸಿ ಬಿಡುಗಡೆ ಮಾಡಿದ, ಆದರೆ ತುಸು ಹಳೆಯದಾದ ತಂತ್ರಾಂಶ ಬೇಕೆ, ಅಥವಾ ಇನ್ನೂ ಪರೀಕ್ಷೆಯಲ್ಲಿರುವ ಹೊಸ ತಂತ್ರಾಂಶ ಬೇಕೆ? ಈ ಪ್ರಶ್ನೆಯನ್ನು ಬಹಳ ಸ್ಪಷ್ಟವಾಗಿ ಮುಂದಿಡುವುದು ಡೆಬಿಯನ್. 1993ರಲ್ಲಿ ಇಯಾನ್ ಮುರ್ಡಾಕ್ ಆರಂಭಿಸಿದ ಈ ಯೋಜನೆಯನ್ನು ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ನಡೆಸುತ್ತಿದ್ದಾರೆ. ಉಬುಂಟುವಿಗೂ ಇದೇ ತಳಹದಿ.

ಬೊಂಬೆಗಳ ಹೆಸರು, ಮೂರು ಶಾಖೆ

ಡೆಬಿಯನ್ ಆವೃತ್ತಿಗಳಿಗೆ 'ಟಾಯ್ ಸ್ಟೋರಿ' ಚಲನಚಿತ್ರಗಳ ಪಾತ್ರಗಳ ಹೆಸರಿಡುವುದು ವಾಡಿಕೆ. ಬೊಂಬೆಗಳ ನಾಡು ಚನ್ನಪಟ್ಟಣದವರಿಗೆ ಈ ಹೆಸರುಗಳನ್ನು ನೆನಪಿಡುವುದು ಕಷ್ಟವಾಗದು. ಹೊಸ ತಂತ್ರಾಂಶ ಮೊದಲು ಬರುವುದು 'ಅನ್‌ಸ್ಟೇಬಲ್' ಶಾಖೆಗೆ. ಇದರ ಹೆಸರು ಸದಾ 'ಸಿಡ್'. ಚಿತ್ರದಲ್ಲಿ ಬೊಂಬೆಗಳನ್ನು ಮುರಿದುಹಾಕುವ ನೆರೆಮನೆಯ ಹುಡುಗನ ಹೆಸರದು. ಅಲ್ಲಿ ಸಾಮಾನ್ಯವಾಗಿ 2ರಿಂದ 10 ದಿನ ಕಳೆದು, ಹೊಸ ಗಂಭೀರ ದೋಷ ಕಾಣದಿದ್ದರೆ, ತಂತ್ರಾಂಶವು 'ಟೆಸ್ಟಿಂಗ್' ಅಂದರೆ ಪರೀಕ್ಷಾ ಶಾಖೆಗೆ ಸೇರುತ್ತದೆ. ಸುಮಾರು ಎರಡು ವರ್ಷಕ್ಕೊಮ್ಮೆ ಈ ಶಾಖೆಗೆ ಹೊಸ ಸೇರ್ಪಡೆಗಳನ್ನು ನಿಲ್ಲಿಸಿ, ದೋಷಗಳನ್ನಷ್ಟೇ ತಿದ್ದಿ, 'ಸ್ಟೇಬಲ್' ಅಂದರೆ ಸ್ಥಿರ ಆವೃತ್ತಿಯಾಗಿ ಬಿಡುಗಡೆ ಮಾಡಲಾಗುತ್ತದೆ. 2023ರ ಜೂನ್ 10ರಂದು 12ನೇ ಆವೃತ್ತಿ 'ಬುಕ್‌ವರ್ಮ್', 2025ರ ಆಗಸ್ಟ್ 9ರಂದು 13ನೇ ಆವೃತ್ತಿ 'ಟ್ರಿಕ್ಸಿ' ಹೀಗೆಯೇ ಹೊರಬಂದವು. 14ನೆಯದರ ಹೆಸರು 'ಫೋರ್ಕಿ'.

ದಿನನಿತ್ಯದ ಕೆಲಸಕ್ಕೆ ಸ್ಥಿರ ಶಾಖೆ

ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯ ವ್ಯಾಪಾರಿಯೊಬ್ಬರು ಲೆಕ್ಕಪತ್ರಕ್ಕೆ ಬಳಸುವ ಗಣಕವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ವಹಿವಾಟಿನ ಹೊತ್ತಿನಲ್ಲಿ ಮುದ್ರಣಯಂತ್ರ ಕೈಕೊಟ್ಟರೆ ಹೊಸ ಸೌಲಭ್ಯಗಳಿದ್ದೂ ಪ್ರಯೋಜನವಿಲ್ಲ. ಇಂಥವರಿಗೆ ಸ್ಥಿರ ಶಾಖೆಯೇ ಸರಿ. ಪ್ರತಿ ಆವೃತ್ತಿಗೂ ಮೂರು ವರ್ಷ ಪೂರ್ಣ ಬೆಂಬಲ, ನಂತರ ಎರಡು ವರ್ಷ ದೀರ್ಘಾವಧಿ ಬೆಂಬಲ ದೊರೆಯುತ್ತದೆ. ಸ್ಥಿರ ಶಾಖೆಯ ಲೋಪಗಳಿಗೆ ಡೆಬಿಯನ್ನಿನ ಭದ್ರತಾ ತಂಡ ನೇರವಾಗಿ ತಿದ್ದುಪಡಿ ಒದಗಿಸುತ್ತದೆ; ಪರೀಕ್ಷಾ ಶಾಖೆಗೆ ಅದು ತಡವಾಗಿ ತಲುಪಬಹುದು.

ಶಾಲೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. ರಾಜ್ಯದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ 2011ರಲ್ಲಿ ಆರಂಭವಾದ 'ವಿಷಯ ಶಿಕ್ಷಕರ ವೇದಿಕೆ' ತರಬೇತಿಯಲ್ಲಿ ಉಬುಂಟು ಬಳಕೆಯಾಯಿತು. ಉಬುಂಟುವಿನಲ್ಲೂ ಎರಡು ಬಗೆಯ ಆವೃತ್ತಿಗಳಿವೆ. ಎರಡು ವರ್ಷಕ್ಕೊಮ್ಮೆ ಬರುವ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಬೆಂಬಲವಿದ್ದರೆ, ನಡುವಿನ ಆವೃತ್ತಿಗಳಿಗೆ ಇರುವುದು ಒಂಬತ್ತು ತಿಂಗಳು ಮಾತ್ರ. ಕನಕಪುರ ಅಥವಾ ಮಾಗಡಿಯ ಹಳ್ಳಿಶಾಲೆಯೊಂದರ ಗಣಕಗಳನ್ನು ವರ್ಷಕ್ಕೊಮ್ಮೆ ಬದಲಿಸಿ ಕೂರಲು ಯಾರಿಗೂ ಬಿಡುವಿರುವುದಿಲ್ಲ.

2024ರ ಎಚ್ಚರಿಕೆ

2024ರ ಮಾರ್ಚ್ 29ರಂದು 'ಎಕ್ಸ್‌ಝಡ್' ಎಂಬ ಕಡತ ಸಂಕುಚನ ತಂತ್ರಾಂಶದಲ್ಲಿ ಯಾರೋ ಬಚ್ಚಿಟ್ಟಿದ್ದ ಕಳ್ಳದಾರಿ ಬಯಲಾಯಿತು. ಸಿಡ್ ಬಳಸುತ್ತಿದ್ದ ಆಂದ್ರೆಸ್ ಫ್ರಾಯಂಡ್ ಎಂಬ ತಂತ್ರಜ್ಞರು, ದೂರದಿಂದ ಗಣಕ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುತ್ತಿದ್ದುದನ್ನು ಗಮನಿಸಿ ಅದನ್ನು ಪತ್ತೆಹಚ್ಚಿದರು. ದೋಷಪೂರಿತ ತಂತ್ರಾಂಶ ಅಷ್ಟರಲ್ಲಾಗಲೇ ಪರೀಕ್ಷಾ ಶಾಖೆಯನ್ನೂ ಸೇರಿತ್ತು. ಸ್ಥಿರ ಶಾಖೆಗೆ ಮಾತ್ರ ಅದು ತಲುಪಿರಲಿಲ್ಲ. ಹೊಸತನ್ನು ಬಳಸುವುದರ ಅಪಾಯವೂ, ಬಳಸುವವರಿಂದ ಆಗುವ ಉಪಕಾರವೂ ಈ ಒಂದೇ ಪ್ರಸಂಗದಿಂದ ತಿಳಿದುಬರುತ್ತವೆ.

ಕನ್ನಡಕ್ಕೇಕೆ ಪರೀಕ್ಷಕರು ಬೇಕು?

ಡೆಬಿಯನ್ನಿನಲ್ಲಿ ಲೋಹಿತ್, ಗುಬ್ಬಿ, ನವಿಲು ಮೊದಲಾದ ಕನ್ನಡ ಅಕ್ಷರಶೈಲಿಗಳು ಲಭ್ಯವಿವೆ. ಒತ್ತಕ್ಷರ ಜಾರಿದರೆ, ಅರ್ಕಾವತ್ತು ತಪ್ಪು ಸ್ಥಾನದಲ್ಲಿ ಮೂಡಿದರೆ ಅದನ್ನು ಗುರುತಿಸಬಲ್ಲವರು ಕನ್ನಡ ಓದುವವರೇ. ಬಿಡುಗಡೆಗೆ ಮುನ್ನ ಯಾರೂ ದೂರು ಸಲ್ಲಿಸದಿದ್ದರೆ ಅಂಥ ಸಣ್ಣ ದೋಷ ಸ್ಥಿರ ಆವೃತ್ತಿಯೊಳಗೆ ಸೇರಿ, ಮುಂದಿನ ಆವೃತ್ತಿಯವರೆಗೂ ಉಳಿದುಬಿಡಬಹುದು. ಬಿಡುವೂ ಆಸಕ್ತಿಯೂ ಇರುವ ವಿದ್ಯಾರ್ಥಿಗಳು ಬೇರೊಂದು ಗಣಕದಲ್ಲಿ ಪರೀಕ್ಷಾ ಶಾಖೆಯನ್ನು ಬಳಸಿ, ಕಂಡ ತಪ್ಪುಗಳನ್ನು ಡೆಬಿಯನ್ನಿನ ದೋಷ ದಾಖಲಾತಿಗೆ ಇ-ಅಂಚೆ ಮೂಲಕ ತಿಳಿಸಬಹುದು. ಇದಕ್ಕೆ ಸದಸ್ಯತ್ವವಾಗಲಿ ಶುಲ್ಕವಾಗಲಿ ಬೇಕಿಲ್ಲ.

ಗಮನಿಸಬೇಕಾದ ಅಂಶಗಳು

* ತಂತ್ರಾಂಶದ ಆಕರಗಳನ್ನು ಸೂಚಿಸುವ ಕಡತದಲ್ಲಿ 'ಸ್ಟೇಬಲ್' ಎಂದು ಬರೆಯದೆ 'ಟ್ರಿಕ್ಸಿ' ಎಂದು ಆವೃತ್ತಿಯ ಹೆಸರನ್ನೇ ಬರೆಯುವುದು ಕ್ಷೇಮ. ಇಲ್ಲವಾದರೆ ಹೊಸ ಆವೃತ್ತಿ ಬಿಡುಗಡೆಯಾದೊಡನೆ ಗಣಕವು ಅದರತ್ತ ಹೊರಳುತ್ತದೆ.
* ಎರಡು ಶಾಖೆಗಳ ತಂತ್ರಾಂಶಗಳನ್ನು ಒಂದೇ ಗಣಕದಲ್ಲಿ ಬೆರೆಸಬಾರದು. ಒಂದೆರಡು ಹೊಸ ತಂತ್ರಾಂಶಗಳಷ್ಟೇ ಬೇಕಿದ್ದರೆ, ಸ್ಥಿರ ಶಾಖೆಗೆಂದೇ ಸಿದ್ಧಪಡಿಸಿದ 'ಬ್ಯಾಕ್‌ಪೋರ್ಟ್ಸ್' ಸಂಗ್ರಹವಿದೆ.
* ಸ್ಥಿರ ಶಾಖೆಯಿಂದ ಪರೀಕ್ಷಾ ಶಾಖೆಗೆ ಹೋಗುವುದು ಸುಲಭ. ಹಿಂದಿರುಗಲು ಅಧಿಕೃತ ಮಾರ್ಗವಿಲ್ಲ. ವ್ಯವಸ್ಥೆಯನ್ನು ಹೊಸದಾಗಿಯೇ ಅಳವಡಿಸಬೇಕಾದೀತು. ಆದ್ದರಿಂದ ಮೊದಲೇ ಕಡತಗಳ ಪ್ರತಿ ತೆಗೆದಿಟ್ಟುಕೊಳ್ಳಬೇಕು.