ಕಾಲುವೆಯ ಕೆಳಗೆ ಕೂತು ಓದಿದ ಚಿತ್ರಕಥೆಗಳು

ಇಂಗ್ಲಿಷಿನ ಅಮರ ಚಿತ್ರಕಥೆಯ ಕ್ರಮಸಂಖ್ಯೆ ಶುರುವಾಗುವುದು 11ರಿಂದ. ಅದು ‘ಕೃಷ್ಣ’. ಹಾಗಾದರೆ ಮೊದಲ ಹತ್ತು ಎಲ್ಲಿ ಹೋದವು? ಅವು ಕನ್ನಡದಲ್ಲಿದ್ದವು, 1965ರಲ್ಲೇ ಬಂದಿದ್ದವು ಎಂದು ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ.ಕೆ. ಅನಂತರಾಮ್ ಹೇಳಿದ್ದಾರೆ. ಪಾಶ್ಚಾತ್ಯ ಮಕ್ಕಳ ಕಥೆಗಳ ಕನ್ನಡ ರೂಪಗಳವು. ಮುಂದೆ ಆ ಮಾಲೆಯನ್ನು ದೇಶದ ಮನೆಮನೆಗೂ ಮುಟ್ಟಿಸಿದ ಅನಂತ ಪೈ ಕೂಡ ಕಾರ್ಕಳದವರು.

ಆ ಮಾಲೆಯ ಇತಿಹಾಸವೆಂದರೆ ಬಹುಮಟ್ಟಿಗೆ ರಾಜರು, ಸಂತರು, ವೀರರು. ನಮ್ಮ ಸೀಮೆಯ ಪಾಲಿಗೆ ಕೃಷ್ಣದೇವರಾಯ ಸಿಕ್ಕ, ಜೊತೆಗೆ ತೆನಾಲಿ ರಾಮ. 12ನೆಯ ಶತಮಾನದಲ್ಲಿ ಕುರುಗೋಡನ್ನು ಆಳಿದ ಸಿಂದರ ಮೇಲೆ ಒಂದು ಚಿತ್ರಕಥೆಯನ್ನೂ ನಾನು ಕಂಡಿಲ್ಲ. ಸಣ್ಣ ರಾಜರ ಪಾಡೇ ಹೀಗಾದರೆ ಉಳಿದವರ ಮಾತು ಬಿಡಿ.

ಉಳಿದವರ ಮಾತು ಸಿಕ್ಕಿದ್ದು ಈಚೆಗೆ ಓದಿದ ಮೂರು ಗ್ರಾಫಿಕ್ ಕಾದಂಬರಿಗಳಲ್ಲಿ. ಮೊದಲನೆಯದು ಒರಿಜಿತ್ ಸೇನ್ ಅವರ ‘ರಿವರ್ ಆಫ್ ಸ್ಟೋರೀಸ್’. 1994ರ ಪುಸ್ತಕ, ಬಹುಕಾಲ ಪ್ರತಿ ಸಿಗದೆ, 2022ರಲ್ಲಿ ಮತ್ತೆ ಅಚ್ಚಾಯಿತು. ನರ್ಮದಾ ಕಣಿವೆಯ ಅಣೆಕಟ್ಟಿನ ಸುದ್ದಿ ಬರೆಯಲು ಹೊರಟ ವಿಷ್ಣು ಎಂಬ ಪತ್ರಕರ್ತ, ಊರು ಬಿಟ್ಟು ದಿಲ್ಲಿಯಲ್ಲಿ ಮನೆಗೆಲಸ ಮಾಡುವ ಆದಿವಾಸಿ ಹುಡುಗಿ ರೇಲ್ಕು, ಸೃಷ್ಟಿಯ ಕಥೆ ಹಾಡುವ ಮಲ್ಗು ಗಾಯನ್. ವರದಿಗಾರನ ಕಥೆ ಒಂದು ಬಗೆಯ ಗೆರೆಯಲ್ಲಿ, ಹಾಡುಗಾರನ ಲೋಕ ಇನ್ನೊಂದು ಬಗೆಯಲ್ಲಿ. ಎರಡೂ ಒಂದೇ ನದಿಯ ಇತಿಹಾಸ. ಇದು ನಿಜ, ಅದು ಪುರಾಣ ಎಂದು ಸೇನ್ ವಿಂಗಡಿಸುವುದಿಲ್ಲ.

ಈ ಪುಸ್ತಕ ನನ್ನನ್ನು ಕಾಡಿದ್ದಕ್ಕೆ ಕಾರಣವಿದೆ. ನನ್ನೂರು ಸಿರುಗುಪ್ಪ ತಾಲೂಕಿನಲ್ಲಿ. ಭತ್ತದ ಸೀಮೆ, ಎಲ್‌ಎಲ್‌ಸಿ ಕಾಲುವೆಯ ನೀರು. ಆ ನೀರು ಬರುವುದು 1945ರಲ್ಲಿ ಶಂಕುಸ್ಥಾಪನೆಯಾಗಿ 1953ರ ಹೊತ್ತಿಗೆ ನಿಂತ ತುಂಗಭದ್ರಾ ಜಲಾಶಯದಿಂದ. ಅದರಡಿ ಹತ್ತಾರು ಊರುಗಳು ಮುಳುಗಿದವು. ನಾರಾಯಣದೇವರಕೆರೆಯವರು ಎದ್ದು ಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಪಿಎಚ್.ಡಿ.ಗಾಗಿ ನಾನು ತಿರುವಿಹಾಕುವ ಗೆಜೆಟಿಯರ್, ಯೋಜನಾ ವರದಿಗಳಲ್ಲಿ ಎಕರೆ ಸಿಗುತ್ತದೆ, ಕ್ಯೂಸೆಕ್ ಸಿಗುತ್ತದೆ. ಒಲೆ ಕಿತ್ತು, ಪಾತ್ರೆಪಡಗ ಬಂಡಿಗೇರಿಸಿದ ಹೆಂಗಸು ಸಿಗುವುದಿಲ್ಲ. ಅಣೆಕಟ್ಟು ಬೇಡವಾಗಿತ್ತು ಎನ್ನುವ ಬಾಯಿ ನನಗಿಲ್ಲ, ಆ ನೀರಿನ ಅನ್ನ ಉಂಡೇ ಬೆಳೆದವನು. ಆದರೆ ಉಂಡವರಿಗೆ ಅವಳ ಹೆಸರಾದರೂ ಗೊತ್ತಿರಬೇಕಿತ್ತು. ಸೇನ್ ಅವರ ರೇಲ್ಕುವಿಗೆ ಹೆಸರಿದೆ, ಮುಖವಿದೆ.

ಎರಡನೆಯದು ‘ಭೀಮಾಯಣ’ (2011). ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಬರಹ, ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಚಿತ್ರ. ಅಂಬೇಡ್ಕರ್ ಬದುಕಿನ ಈ ಕಥೆಯ ಮೊದಲ ಭಾಗದ ಹೆಸರೇ ‘ನೀರು’: ಶಾಲೆಯಲ್ಲಿ ಬಾಯಾರಿದ ಹುಡುಗನಿಂದ ಮಹಾಡದ ಕೆರೆಯವರೆಗೆ. ಪಾತ್ರಗಳನ್ನು ಚೌಕದೊಳಗೆ ಕೂಡಿಹಾಕಲು ವ್ಯಾಮ್ ದಂಪತಿ ಒಪ್ಪಲಿಲ್ಲ. ಮೆತ್ತಗಿನ ಮಾತಿನ ಗುಳ್ಳೆ ಹಕ್ಕಿಯಾಕಾರದ್ದು. ಜಾತಿಯ ವಿಷ ಕಾರುವವರ ಗುಳ್ಳೆಗೆ ಚೇಳಿನ ಕೊಂಡಿ. ಎರಡು ಪುಟ ದಾಟುವಷ್ಟರಲ್ಲಿ, ಯಾರು ಮಾತಾಡುತ್ತಿದ್ದಾರೆಂದು ಓದುವ ಮೊದಲೇ ಕಣ್ಣಿಗೆ ಗೊತ್ತಾಗಿಬಿಡುತ್ತದೆ.

ಚೌಕವಿಲ್ಲದ ಆ ಪುಟಗಳು ನನಗೆ ತೊಗಲುಗೊಂಬೆಗಳನ್ನು ನೆನಪಿಸಿದವು. ಕರ್ನಾಟಕದ ತೊಗಲುಗೊಂಬೆಗಳಲ್ಲಿ ಒಂಟಿ ಪಾತ್ರಗಳಲ್ಲದೆ, ಒಂದೇ ತೊಗಲಿನಲ್ಲಿ ಇಡೀ ಸನ್ನಿವೇಶ ಕೊರೆದವೂ ಇವೆ: ರಥ, ಕುದುರೆ, ಸಾರಥಿ, ಬಿಲ್ಲೆತ್ತಿದವನು, ಎಲ್ಲ ಒಟ್ಟಿಗೆ. ಅದನ್ನು ಪರದೆಗೆ ಹಿಡಿದರೆ ಕಾಮಿಕ್ಸಿನ ಒಂದು ಪುಟವೇ. ಎಂ.ಎಸ್. ನಂಜುಂಡರಾವ್ ಇಂಥವನ್ನು ಊರೂರು ಅಲೆದು ಬೆಂಗಳೂರಿನ ಚಿತ್ರಕಲಾ ಪರಿಷತ್ತಿಗೆ ಕೂಡಿಹಾಕಿದರು. ಅಲ್ಲಿಗೆ ಹೋದವರು ನೋಡದೆ ಬರಬೇಡಿ. ಬಳ್ಳಾರಿಯ ಬೆಳಗಲ್ಲು ವೀರಣ್ಣ, 2023ರಲ್ಲಿ ತೀರಿಕೊಳ್ಳುವವರೆಗೂ ಈ ಕಲೆಯ ದೊಡ್ಡ ಹೆಸರು. ರಾಮಾಯಣ ಆಡಿಸುವ ಪರದೆಯ ಮೇಲೆ ಅವರು ಗಾಂಧೀಜಿಯನ್ನೂ ಸ್ವಾತಂತ್ರ್ಯ ಹೋರಾಟವನ್ನೂ ತಂದರು. ಚಿತ್ರದಲ್ಲಿ ಇತಿಹಾಸ ಹೇಳುವುದನ್ನು ಬಳ್ಳಾರಿ ಯಾರಿಂದಲೂ ಎರವಲು ತರಬೇಕಿಲ್ಲ.

ಮೂರನೆಯದು ಆರ್ಟ್ ಸ್ಪೀಗಲ್‌ಮನ್ ಅವರ ‘ಮೌಸ್’. 1992ರಲ್ಲಿ ಪುಲಿಟ್ಜರ್ ಪಡೆದ ಇದರ ಬಗ್ಗೆ ಸಾಕಷ್ಟು ಬರಹಗಳಿವೆ, ಯಹೂದಿಗಳು ಇಲಿ, ನಾಜಿಗಳು ಬೆಕ್ಕು ಎಂಬುದೂ ನಿಮಗೆ ತಿಳಿದಿರಬಹುದು. ಮೌಖಿಕ ಇತಿಹಾಸ ಕಲೆಹಾಕುವ ವಿದ್ಯಾರ್ಥಿಗಳು ಇದನ್ನು ಬೇರೊಂದು ಕಾರಣಕ್ಕೆ ಓದಬೇಕು. ಮಗ ಟೇಪ್ ರೆಕಾರ್ಡರ್ ಇಟ್ಟುಕೊಂಡು ಅಪ್ಪನ ಮುಂದೆ ಕೂರುತ್ತಾನೆ. ಅಪ್ಪ ಕಥೆಯ ನಡುವೆ ಮಾತ್ರೆ ಎಣಿಸುತ್ತಾನೆ, ಸಿಡುಕುತ್ತಾನೆ, ಇದನ್ನು ಬರೆಯಬೇಡ ಅನ್ನುತ್ತಾನೆ. ಮಗ ಅದನ್ನೂ ಬರೆಯುತ್ತಾನೆ. ಮರಿಯಮ್ಮನಹಳ್ಳಿಯಲ್ಲಿ ಮುಳುಗಿದ ಊರನ್ನು ಕಣ್ಣಾರೆ ಕಂಡವರು ಈಗ ಎಂಬತ್ತರ ಆಚೆಗಿದ್ದಾರೆ. ಟೇಪ್ ರೆಕಾರ್ಡರ್ ಇದ್ದವರೂ, ಗೆರೆ ಬರೆಯಬಲ್ಲವರೂ ಒಟ್ಟಿಗೆ ಹೋಗುವುದಾದರೆ ಈ ಬೇಸಿಗೆಗೇ ಹೋಗಬೇಕು.