ಮಂಡ್ಯ ಸೀಮೆ: ಬೆಳ್ಳಿತೆರೆಯ ಚಿತ್ರಣ

ಮಂಡ್ಯ, ಮದ್ದೂರು, ಮಳವಳ್ಳಿಯ ಕಬ್ಬಿನ ಗದ್ದೆ, ನಾಲೆ, ಗಗನಚುಕ್ಕಿ ಜಲಪಾತಗಳ ಚೆಲುವಿನ ಬೆನ್ನಿಗೇ ಕಾವೇರಿ ನೀರಿನ ಜಗಳವಿದೆ. ತಮಿಳುನಾಡಿಗೆ ನೀರು ಬಿಡಲು ಕಾವೇರಿ ನ್ಯಾಯಮಂಡಳಿ ನೀಡಿದ 1991ರ ಮಧ್ಯಂತರ ಆದೇಶದ ನಂತರ ಹೆದ್ದಾರಿ ತಡೆ, ಬಂದ್‌ಗಳು ಇಲ್ಲಿ ಮತ್ತೆ ಮತ್ತೆ ನಡೆದಿವೆ. ಹೊರಗಿನವರಿಗೆ ಈ ಸೀಮೆಯ ಪರಿಚಯ ಮಾಡಿಸಿದ್ದು ಮಾತ್ರ ಹೆಚ್ಚಾಗಿ ಸಿನಿಮಾ.

ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯ ಅಂಬರೀಶ್ ನಟಿಸಿದ ‘ಮಂಡ್ಯದ ಗಂಡು’ (1994) ಚಿತ್ರದ ಹೆಸರೇ ಅವರ ಬಿರುದಾಯಿತು. ಮಾತು ಒರಟು, ಮನಸ್ಸು ಮೆದು ಎಂಬ ಅಚ್ಚು ಇಡೀ ಜಿಲ್ಲೆಗೇ ಅಂಟಿತು. ಅದರಲ್ಲಿ ಅಕ್ಕರೆಯಿದೆ, ನಿಜ. ಆದರೆ ಸಾಲದ ರೈತ, ನಾಟಿ ಹಾಕುವ ಹೆಣ್ಣುಮಕ್ಕಳು ಆ ಅಚ್ಚಿನೊಳಗೆ ಹಿಡಿಸಲಿಲ್ಲ.

ಆ ಕೊರತೆಯನ್ನು ಬಹಳಷ್ಟು ನೀಗಿದ್ದು ರಾಮ್ ರೆಡ್ಡಿ ನಿರ್ದೇಶನದ ‘ತಿಥಿ’. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ, ನಟನೆಯ ಗಂಧವಿಲ್ಲದ ಹಳ್ಳಿಗರನ್ನೇ ಹಾಕಿಕೊಂಡು ತೆಗೆದ ಚಿತ್ರವಿದು. ದಾರಿಹೋಕರನ್ನು ಬೈಯುತ್ತ ಕೂತ ಶತಾಯುಷಿ ಸೆಂಚುರಿ ಗೌಡ ಎದ್ದು ನಾಲ್ಕು ಹೆಜ್ಜೆ ಹಾಕಿ ಕುಸಿಯುತ್ತಾನೆ. ಮಗ ಗಡ್ಡಪ್ಪನಿಗೆ ಆಸ್ತಿಯ ಗೊಡವೆಯಿಲ್ಲ, ಮೊಮ್ಮಗ ತಮ್ಮಣ್ಣನಿಗೆ ಜಮೀನು ಮಾರುವ ತರಾತುರಿ. ಮಂಡ್ಯದ ಆಡುಮಾತನ್ನು ತಿದ್ದದೆ ಕೇಳಿಸಿದ್ದೇ ಇದರ ದೊಡ್ಡ ಸಾಧನೆ. ಚಿತ್ರ 2015ರಲ್ಲಿ ಲೊಕಾರ್ನೊ ಉತ್ಸವದಲ್ಲಿ ಪ್ರಶಸ್ತಿ ಗಳಿಸಿತು.

ಆದರೂ ‘ಮಂಡ್ಯದ ಗಂಡು’ವಿನ ಮೇಲಿನ ಅಕ್ಕರೆ ಮಾಸಲಿಲ್ಲ: 2018ರ ನವೆಂಬರ್ 24ರಂದು ಅಂಬರೀಶ್ ತೀರಿಕೊಂಡಾಗ, ಪಾರ್ಥಿವ ಶರೀರವನ್ನು ಹೆಲಿಕಾಪ್ಟರ್‌ನಲ್ಲಿ ಮಂಡ್ಯಕ್ಕೆ ತಂದು ಜನರ ದರ್ಶನಕ್ಕೆ ಇಡಲಾಗಿತ್ತು.