ಹಿಂದೆ ಬಿದ್ದವನಿಗೇ ದೊಡ್ಡ ಅಸ್ತ್ರ

ಕಾರ್ಟೂನ್ ಗೊಂಬೆಗಳು ಪುಟ್ಟ ಬಂಡಿಗಳಲ್ಲಿ ಕೂತು, ಒಬ್ಬರ ಮೇಲೊಬ್ಬರು ಬಾಂಬು ಎಸೆಯುತ್ತ ರೇಸು ಓಡುವ ವೀಡಿಯೋ ಗೇಮನ್ನು ಮಕ್ಕಳ ಕೈಯಲ್ಲಿ ನೋಡಿರುತ್ತೀರಿ. ಈ ಜಾತಿಗೆ ದಾರಿ ಹಾಕಿದ್ದು ಜಪಾನಿನ ನಿಂಟೆಂಡೊ ಕಂಪನಿಯ 'ಸೂಪರ್ ಮಾರಿಯೋ ಕಾರ್ಟ್', 1992ರಲ್ಲಿ. ಅವರ ಹಿಂದಿನ ರೇಸು 'ಎಫ್-ಝೀರೋ' (1990) ಒಬ್ಬರೇ ಆಡುವಂಥದ್ದು. ಇಬ್ಬರು ಪಕ್ಕಪಕ್ಕ ಕೂತು ಆಡಲಿ ಅಂತ ಟೀವಿ ಪರದೆಯನ್ನೇ ಎರಡು ಹೋಳು ಮಾಡಿದರು.

ಮುಂಬಯಿಯ ನಮ್ಮ ಮನೆಗೆ ಇದು ಬಂದದ್ದು ಲ್ಯಾಮಿಂಗ್ಟನ್ ರೋಡಿನಿಂದ ತಂದ ಪ್ಲೇಸ್ಟೇಷನ್ ಸೀಡಿಯಲ್ಲಿ: 1999ರ 'ಕ್ರ್ಯಾಶ್ ಟೀಮ್ ರೇಸಿಂಗ್'. ಆಮೇಲೆ ಇದೇ ಊರಿನ ನಜಾರಾ ಕಂಪನಿ 'ಛೋಟಾ ಭೀಮ್ ಸ್ಪೀಡ್ ರೇಸಿಂಗ್' ಮಾಡಿ, ಢೋಲಕ್‌ಪುರದ ಭೀಮನನ್ನೂ ಮೊಬೈಲಿನಲ್ಲಿ ರೇಸಿಗಿಳಿಸಿತು. ಆ ಕಂಪನಿ 2021ರ ಮಾರ್ಚಿನಲ್ಲಿ ಶೇರುಪೇಟೆಗೂ ಬಂತು.

ನನಗೆ ಹಿಡಿಸಿದ್ದು ಮಾರಿಯೋ ಆಟದ ಲೆಕ್ಕ. ಮುಂದಿರುವವನಿಗೆ ಸಿಗುವುದು ಹೆಚ್ಚಾಗಿ ಬಾಳೆಹಣ್ಣಿನ ಸಿಪ್ಪೆಯಂಥ ಸಣ್ಣ ಸಾಮಾನು. ಎಲ್ಲರನ್ನೂ ಕುಗ್ಗಿಸುವ ಸಿಡಿಲು ಹಿಂದುಳಿದವನ ಪಾಲು. ನಮ್ಮ ಬ್ಯಾಂಕುಗಳಲ್ಲಿ ಪೂರಾ ಉಲ್ಟಾ ನೋಡಿ, ಆಸ್ತಿ ಇದ್ದವನಿಗೇ ಸಾಲ ಬೇಗ!

ಇದು ದಾನಧರ್ಮವಲ್ಲ ಸ್ವಾಮಿ, ಶುದ್ಧ ವ್ಯವಹಾರ. ಸೋತೂ ಸೋತೂ ತಂಗಿ ಮುನಿಸಿಕೊಂಡು ಎದ್ದುಹೋದರೆ ಅರ್ಧ ಪರದೆ ಖಾಲಿ. ಅಣ್ಣ ಗೆಲ್ಲುವುದಾದರೂ ಯಾರ ಮೇಲೆ?